ರೂಪದ ಶಸ್ತ್ರಚಿಕಿತ್ಸೆಯೂ ಶ್ರಾವಕನ ವಿವೇಕವೂ

ಬಸವನಗುಡಿಯಲ್ಲಿ ಒಂದು ಶ್ರಾವಕ ಕುಟುಂಬವನ್ನು ಊಹಿಸಿಕೊಳ್ಳಬಹುದು. ತಂದೆ ನಿತ್ಯ ಸ್ವಾಧ್ಯಾಯ ತಪ್ಪಿಸದವರು. ತಾಯಿ ವರ್ಷವರ್ಷವೂ ಅನಂತನ ನೋಂಪಿಯನ್ನು ವಿಧಿವತ್ತಾಗಿ ನಡೆಸುವವರು. ಸೂರ್ಯಾಸ್ತಕ್ಕೆ ಮುನ್ನ ಎಲ್ಲರೂ ಊಟಕ್ಕೆ ಕುಳಿತಿರುವಾಗ ಇಪ್ಪತ್ತನಾಲ್ಕು ವರ್ಷದ ಮಗಳು, "ಅಪ್ಪಾಜಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮೂಗನ್ನು ತಿದ್ದಿಸಿಕೊಳ್ಳಬೇಕೆಂದಿದ್ದೇನೆ" ಎನ್ನುತ್ತಾಳೆ. ತಂದೆ ಎತ್ತಿದ ತುತ್ತನ್ನು ಇಳಿಸಿ, "ದೇಹವೇ ಅನಿತ್ಯ, ಅಶುಚಿ. ಅದರ ಮೂಗಿಗಾಗಿ ಇಷ್ಟು ಯೋಚನೆ ಏಕಮ್ಮ?" ಎನ್ನುತ್ತಾರೆ. ಮಗಳು ತಲೆಯೆತ್ತದೆ, "ನನ್ನನ್ನು ನೋಡಲು ಬಂದು ಮೂಗಿನ ಮಾತಾಡಿ ಹೋದವರೂ ಶ್ರಾವಕರೇ ಅಲ್ಲವೇ ಅಪ್ಪಾಜಿ?" ಎಂದು ಕೇಳುತ್ತಾಳೆ.

ಇಂಥ ಪ್ರಶ್ನೆ ಇಂದು ಅನೇಕ ಮನೆಗಳ ಬಾಗಿಲಿಗೆ ಬಂದು ನಿಂತಿದೆ. ಅದನ್ನು ಗದರಿಸಿ ಕಳುಹಿಸುವುದು ಸುಲಭ. ಧರ್ಮದೃಷ್ಟಿಯಿಂದ ವಿಚಾರಿಸುವುದು ಕಷ್ಟ. ಕಷ್ಟವಾದುದನ್ನೇ ಮಾಡುವುದು ಶ್ರೇಯಸ್ಕರ.

ಮೊದಲು ಒಂದು ಭೇದವನ್ನು ಗುರುತಿಸಬೇಕು. ರೂಪವನ್ನು ತಿದ್ದುವ ಶಸ್ತ್ರಕ್ರಿಯೆಯೆಲ್ಲವೂ ವಿಲಾಸವಲ್ಲ. ಸೀಳುತುಟಿಯ ಶಿಶು, ಬೆಂಕಿಯಲ್ಲಿ ಬೆಂದ ಗೃಹಿಣಿ, ಅಪಘಾತದಲ್ಲಿ ದವಡೆ ಮುರಿದ ಯುವಕ, ಇವರಿಗೆ ಮುಖವನ್ನು ಮರಳಿ ಕೊಡುವುದು ಚಿಕಿತ್ಸೆಯೇ. ಚಾಮರಾಜಪೇಟೆಯ ಅಂಚಿನಲ್ಲಿರುವ, 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಿಭಾಗವನ್ನು ಒಮ್ಮೆ ಕಂಡವರು ಇದನ್ನು ಅಲ್ಲಗಳೆಯಲಾರರು. ಈ ವಿದ್ಯೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1792ರಲ್ಲಿ, ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡನು. ಮುಂದೆ ಪುಣೆಯ ಕಡೆಯ ದೇಶೀಯ ವೈದ್ಯನೊಬ್ಬನು ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗನ್ನು ರಚಿಸಿದನು. ಆ ವೃತ್ತಾಂತ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ, 1814ರಲ್ಲಿ ಕಾರ್ಪ್ಯೂ ಎಂಬ ಆಂಗ್ಲ ವೈದ್ಯನು ಅದೇ ಕ್ರಮವನ್ನು ಅಲ್ಲಿ ನಡೆಸಿದನು.

ಜೈನರು ವೈದ್ಯಕ್ಕೆ ವಿಮುಖರಾದವರಲ್ಲ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನೇ ರಚಿಸಿ, ಮಾಂಸವಿಲ್ಲದೆ ಚಿಕಿತ್ಸೆ ಸಾಧ್ಯವೆಂದು ಪ್ರತಿಪಾದಿಸಿದರು. ಶರೀರವು ಧರ್ಮಸಾಧನ, ಅದರ ರೋಗವನ್ನು ಕಳೆಯುವುದು ದೋಷವಲ್ಲ.

ಆದರೆ ರೋಗವಿಲ್ಲದ, ಗಾಯವಿಲ್ಲದ ಅಂಗಕ್ಕೆ ಶಸ್ತ್ರ ತಗುಲಿಸುವ ಮಾತು ಬಂದಾಗ ವಿಚಾರ ಬೇರೆಯಾಗುತ್ತದೆ. ಸಮಂತಭದ್ರಾಚಾರ್ಯರು ಎಣಿಸಿದ ಎಂಟು ಮದಗಳಲ್ಲಿ ಶರೀರಮದವೂ ಒಂದು. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದೇ ಅನರ್ಥದಂಡವಿರತಿ. ಆ ವಿರತಿ ಅನ್ಯಜೀವಿಗಳ ವಿಷಯದಲ್ಲಿ ಮಾತ್ರವಲ್ಲ, ತನ್ನ ದೇಹದ ವಿಷಯದಲ್ಲಿಯೂ ಸಲ್ಲುತ್ತದೆ. ಅರಿವಳಿಕೆ, ರಕ್ತಸ್ರಾವ, ನಂಜು, ಮಾಯದ ಕಲೆ, ಇವು ಅತ್ಯಂತ ನಿಪುಣನ ಕೈಯಲ್ಲಿಯೂ ಸಂಭವಿಸಬಹುದಾದ ಅಪಾಯಗಳು. ಪಡೆಯುವ ಫಲ ಈ ಅಪಾಯಕ್ಕೆ ತಕ್ಕುದೇ ಎಂಬುದು ಮೊದಲ ಪ್ರಶ್ನೆ.

ಹಾಗೆಂದು ಹಿರಿಯರು ವೈರಾಗ್ಯದ ಮಾತನ್ನು ಕಿರಿಯರ ಮೇಲೆ ಎಸೆದು ಕೈತೊಳೆದುಕೊಳ್ಳುವಂತಿಲ್ಲ. ಅಶುಚಿ ಅನುಪ್ರೇಕ್ಷೆ ತನ್ನ ದೇಹವನ್ನು ಕುರಿತು ತಾನು ಮಾಡಿಕೊಳ್ಳುವ ಚಿಂತನೆ. ಪರರ ನೋವನ್ನು ತಳ್ಳಿಹಾಕುವ ಉಪಾಯವಲ್ಲ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದ ದೇವನಿಗೆ ಕಿಂಚಿತ್ತೂ ಜುಗುಪ್ಸೆಯಿಲ್ಲದೆ ಶುಶ್ರೂಷೆ ಮಾಡಿದ ಉದ್ದಾಯನ ಮಹಾರಾಜನ ಕಥೆಯನ್ನು ಬಸದಿಯಲ್ಲಿ ಕೇಳಿ ತಲೆದೂಗಿದವರೇ, ಮನೆಗೆ ಬಂದು ಕನ್ಯೆಯ ಬಣ್ಣವನ್ನೂ ಮೂಗನ್ನೂ ಅಳೆಯಲು ಕುಳಿತರೆ ಆ ಕಥೆ ಕೇಳಿದ ಫಲವೇನು? ಮಗಳ ಮನಸ್ಸಿನಲ್ಲಿ ಈ ಬಯಕೆಯನ್ನು ಬಿತ್ತಿದವರಲ್ಲಿ ಸಮಾಜವೂ ಸೇರಿದೆ. ಬಿತ್ತಿದವರೇ ಬೆಳೆಯನ್ನು ನಿಂದಿಸುವುದು ನ್ಯಾಯವಲ್ಲ.

ಇನ್ನು ಕೆಲವರು ರೂಪವು ನಾಮಕರ್ಮದ ಫಲ, ಅದನ್ನು ತಿದ್ದುವುದು ಕರ್ಮಕ್ಕೆ ಎದುರು ನಿಂತಂತೆ ಎನ್ನುವುದುಂಟು. ಇದು ಶಾಸ್ತ್ರವನ್ನು ಅರ್ಧ ಓದಿದ ಮಾತು. ಸಂಸ್ಥಾನ, ವರ್ಣ ಮುಂತಾದವು ನಾಮಕರ್ಮದಿಂದ ಆದುವೆಂಬುದು ದಿಟ; ಆದರೆ ಪುರುಷಾರ್ಥವನ್ನು ಶಾಸ್ತ್ರ ಎಲ್ಲಿಯೂ ನಿಷೇಧಿಸಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳುವವರು ಕರ್ಮಸಿದ್ಧಾಂತವನ್ನು ಮೀರಿದವರಾಗುವುದಿಲ್ಲ. ಆದುದರಿಂದ ತೂಗಿ ನೋಡಬೇಕಾದುದು ಭಾವವನ್ನು. ಈ ಬಯಕೆ ಯಾರ ಕಣ್ಣಿನಿಂದ ಹುಟ್ಟಿತು?

'ವಡ್ಡಾರಾಧನೆ'ಯಲ್ಲಿ ಕಥೆಯಾಗಿ ಬಂದಿರುವ ಸನತ್ಕುಮಾರ ಚಕ್ರವರ್ತಿಯನ್ನು ಇಲ್ಲಿ ನೆನೆಯಬಹುದು. ದೇವಲೋಕದವರೇ ನೋಡಲು ಬಂದಂಥ ರೂಪ ಅವನದು. ಆ ರೂಪ ಕ್ಷಣಕ್ಷಣಕ್ಕೂ ಕುಂದುವುದೆಂದು ತಿಳಿದೊಡನೆ ಅವನು ದೀಕ್ಷೆ ವಹಿಸಿದನು. ಮುಂದೆ ರೋಗಗಳು ಮುತ್ತಿದಾಗ ವೈದ್ಯನ ವೇಷದಲ್ಲಿ ಬಂದ ದೇವನಿಗೆ, ಜನ್ಮಮರಣದ ರೋಗವನ್ನು ಕಳೆಯಬಲ್ಲೆಯಾ ಎಂಬ ಅರ್ಥದ ಪ್ರಶ್ನೆಯನ್ನು ಹಾಕಿದನು. ಅದು ಮಹಾಮುನಿಗಳ ಹಂತ; ಗೃಹಸ್ಥನಿಂದ ಅಷ್ಟನ್ನು ಅಪೇಕ್ಷಿಸಲಾಗದು. ಆದರೆ ಅತಿಶಯ ರೂಪವಿದ್ದವನಿಗೂ ರೂಪ ನೆಮ್ಮದಿ ಕೊಡಲಿಲ್ಲವೆಂಬುದು ಗೃಹಸ್ಥನಿಗೂ ಪಾಠವೇ.

ಗೃಹಸ್ಥನ ಕೈಯಲ್ಲಿರುವ ಸಾಧನ ನಿಯಮ. ಪ್ರೋಷಧೋಪವಾಸದ ದಿನ ಆಹಾರದ ಜೊತೆಗೆ ಅಲಂಕಾರವನ್ನೂ ಬಿಡಬೇಕೆಂದು ಆಚಾರ್ಯರು ವಿಧಿಸಿದ್ದಾರೆ. ಇದರ ಮರ್ಮವನ್ನು ಹಿಡಿದು, ಶಸ್ತ್ರಚಿಕಿತ್ಸೆ ಬಯಸುವವರು ಚಾತುರ್ಮಾಸದಷ್ಟು ಕಾಲ, ನಾಲ್ಕು ತಿಂಗಳು, ನಿರ್ಧಾರವನ್ನು ತಡೆದಿಡುವ ನಿಯಮ ತೆಗೆದುಕೊಳ್ಳಲಿ. ಅಷ್ಟಮಿ ಚತುರ್ದಶಿಗಳಂದು ಕನ್ನಡಿಯನ್ನೂ ಮೊಬೈಲಿನ ಚಿತ್ರಗಳನ್ನೂ ಬಿಡಲಿ. ಆಗಲೂ ಬಯಕೆ ಶಾಂತವಾಗಿ ಸ್ಥಿರವಾಗಿದ್ದರೆ ಅದು ವಿಚಾರಾರ್ಹ. ಮದುವೆಮನೆಗೆ ಹೋಗಿ ಬಂದ ದಿನ ಉರಿದು ಮರುವಾರ ಆರುವಂಥದಾದರೆ ಅದು ಪರರ ಕಣ್ಣಿನ ಬೆಂಕಿ. ಇತರರಿಗೆ ಕಾಣದ ಕೊರತೆ ತನಗೊಬ್ಬಳಿಗೇ ಹಗಲಿರುಳೂ ಕಾಣುತ್ತಿದ್ದರೆ, ಅದು ಮನಸ್ಸಿನ ವ್ಯಾಧಿಯಾಗಿರಬಹುದು. ಅದಕ್ಕೆ ಮೊದಲು ಮನೋವೈದ್ಯರು ಬೇಕು. ಎಷ್ಟು ಬಾರಿ ಕೊಯ್ದರೂ ಆ ಕೊರತೆ ತುಂಬುವುದಿಲ್ಲ.

ಎರಡನೆಯ ಕಟ್ಟಳೆ ಸತ್ಯ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡರು. ತಮಗೆ ಮೊದಲು ತಿಳಿದಿರಲಿಲ್ಲವೆಂದು ತಂದೆತಾಯಿಗಳು ಗೋಳಿಟ್ಟದ್ದನ್ನು ನಾಡೆಲ್ಲ ಕೇಳಿತು. ಯಾವ ಮನೆಯಲ್ಲಿ ಕೇಳಿದೊಡನೆ ಗದರಿಕೆ ಕಾದಿರುತ್ತದೆಯೋ ಅಲ್ಲಿ ಮಕ್ಕಳು ಕೇಳುವುದನ್ನೇ ಬಿಡುತ್ತಾರೆ. ಬಸವನಗುಡಿಯ ಆ ಮಗಳು ಊಟದ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಿದಳು. ಅದೇ ಆ ಮನೆಯ ಪುಣ್ಯ.

ವಿಚಾರ ಮಾಡಿ ಮುಂದುವರಿಯುವುದೆಂದು ನಿಶ್ಚಯಿಸಿದರೆ, ವೈದ್ಯರನ್ನು ಆರಿಸುವುದೂ ಧರ್ಮದ ಕೆಲಸವೇ. ಮಲ್ಲೇಶ್ವರದಿಂದ ಜಯನಗರದವರೆಗೆ ಸೌಂದರ್ಯ ಚಿಕಿತ್ಸೆಯ ಫಲಕಗಳಿಗೆ ಕೊರತೆಯಿಲ್ಲ, ಫಲಕವು ಯೋಗ್ಯತೆಯಲ್ಲ. ಎಂ.ಬಿ.ಬಿ.ಎಸ್., ಎಂ.ಎಸ್. ಆದ ಬಳಿಕ ಪ್ಲಾಸ್ಟಿಕ್ ಸರ್ಜರಿಯಲ್ಲಿಯೇ ಮೂರು ವರ್ಷ ಓದಿ ಪಡೆಯುವ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಪದವಿಯಿದೆಯೇ ಎಂದು ಕೇಳಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಪರಿಶೀಲಿಸಬೇಕು. 2007ರ ರಾಜ್ಯ ಕಾಯಿದೆಯಂತೆ ಖಾಸಗಿ ವೈದ್ಯಕೀಯ ಸಂಸ್ಥೆಗಳು ನೋಂದಣಿ ಪಡೆದು ಆ ಪತ್ರವನ್ನು ಕಾಣುವಂತೆ ತೂಗುಹಾಕಬೇಕು; ಅದರಲ್ಲಿ ಯಾವ ಬಗೆಯ ಸಂಸ್ಥೆಯೆಂದು ಬರೆದಿದೆ ಎಂಬುದನ್ನು ಓದಬೇಕು. ಅರಿವಳಿಕೆ ಕೊಡುವ ತಜ್ಞರು ಯಾರು, ಕೆಟ್ಟ ಗಳಿಗೆ ಬಂದರೆ ತೀವ್ರ ನಿಗಾ ಘಟಕ ಎಲ್ಲಿದೆ, ಫಲ ಸರಿಬಾರದಿದ್ದರೆ ಮುಂದೇನು ಎಂಬ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಒಪ್ಪಿಗೆ ಪತ್ರವನ್ನು ಮನೆಗೆ ತಂದು, ತಿಳಿಯುವ ಭಾಷೆಯಲ್ಲಿ ವಿವರಿಸಿಕೊಂಡು, ಅನಂತರ ಸಹಿ ಹಾಕಬೇಕು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಅವಿನಯವಲ್ಲ.

ಇವೆಲ್ಲಕ್ಕಿಂತ ಮಿಗಿಲಾದ ಒಂದು ಲಕ್ಷಣವುಂಟು. ಒಳ್ಳೆಯ ವೈದ್ಯನು 'ಬೇಡ' ಎನ್ನಬಲ್ಲನು. ಬಂದವರಿಗೆಲ್ಲ 'ಆಗಲಿ' ಎನ್ನುವವನು, ಇವತ್ತೇ ಮುಂಗಡ ಕೊಟ್ಟರೆ ರಿಯಾಯಿತಿ ಎನ್ನುವವನು, ಕೇಳದ ಅಂಗಕ್ಕೂ ಕೊರತೆ ತೋರಿಸುವವನು ವ್ಯಾಪಾರಿ. ಒಂದು ಲಾಭವನ್ನು ಬಿಟ್ಟುಕೊಟ್ಟು ಸತ್ಯ ಹೇಳುವವನಲ್ಲಿ ಅಪರಿಗ್ರಹದ ಅಂಶವಿದೆ. ಅಂಥವನ ಕೈಗೆ ದೇಹವನ್ನು ಒಪ್ಪಿಸಬಹುದು.

ವೈದ್ಯನಿಂದ ಸತ್ಯವನ್ನು ಬಯಸುವವರು ವೈದ್ಯನಿಗೂ ಸತ್ಯವನ್ನೇ ಹೇಳಬೇಕು. ದಶಲಕ್ಷಣ ಪರ್ವದಲ್ಲಿ ದೀರ್ಘ ಉಪವಾಸ ಮಾಡಿದ್ದರೆ, ಏಕಾಶನ ನಿಯಮವಿದ್ದರೆ, ಮುಚ್ಚಿಡಬಾರದು. ಉಪವಾಸದಿಂದ ಕೃಶವಾದ ದೇಹ ಗಾಯವನ್ನು ಬೇಗ ಮಾಯಿಸಲಾರದು. ಶಸ್ತ್ರಕ್ರಿಯೆಗೆ ಮುನ್ನ ಸಾಮಾನ್ಯವಾಗಿ ಆರು ಗಂಟೆ ಆಹಾರವನ್ನೂ ಎರಡು ಗಂಟೆ ನೀರನ್ನೂ ಬಿಡಲು ಹೇಳುತ್ತಾರೆ. ಅದು ಚಿಕಿತ್ಸೆಯ ಕಟ್ಟಳೆ, ಉಪವಾಸವ್ರತವಲ್ಲ. ರಾತ್ರಿ ಔಷಧ ಸೇವಿಸಬೇಕಾಗುವುದೇ ಎಂದು ಮೊದಲೇ ವಿಚಾರಿಸಿ, ನಿಯಮದ ಮರ್ಯಾದೆಯನ್ನು ಗುರುಗಳಲ್ಲಿ ಕೇಳಿಕೊಳ್ಳಬೇಕು. ಬಳಸುವ ವಸ್ತುಗಳನ್ನೂ ಅರಿಯಬೇಕು. ಕ್ಯಾಟ್‌ಗಟ್ ಎಂಬ ಹೊಲಿಗೆಯ ದಾರ ಕುರಿ ಅಥವಾ ದನದ ಕರುಳಿನಿಂದಾದುದು. ಕೊಲಾಜನ್ ಹಲವೊಮ್ಮೆ ದನದ ಅಥವಾ ಹಂದಿಯ ಚರ್ಮದಿಂದ ಬರುತ್ತದೆ. ಮಾತ್ರೆಯ ಜೆಲಟಿನ್ ಕೋಶವೂ ಪ್ರಾಣಿಜನ್ಯವೇ. ಕೃತಕ ದಾರ ಮುಂತಾದ ಬದಲಿಗಳುಂಟು. ಮೊದಲೇ ಕೇಳಿದರೆ ದೊರೆಯುತ್ತವೆ. ಪ್ರಾಣ ಉಳಿಸಲು ಅನಿವಾರ್ಯವಾದಾಗಿನ ಮಾತು ಬೇರೆ. ಕೇವಲ ರೂಪಕ್ಕಾಗಿ ಹಿಂಸಾಜನ್ಯ ವಸ್ತುವನ್ನು ದೇಹದೊಳಗೆ ತುಂಬಿಸಿಕೊಳ್ಳುವುದು ಅಹಿಂಸಾಣುವ್ರತಿಗೆ ಒಪ್ಪುವುದಿಲ್ಲ.

ಮತ್ತೆ ಬಸವನಗುಡಿಯ ಆ ಊಟದ ಮನೆಗೆ ಬರಬಹುದು. ಮಗಳ ಪ್ರಶ್ನೆಗೆ ತಂದೆ ಒಡನೆ ಉತ್ತರ ಕೊಡಲಾರರು. ಹಿರಿಯ ಮಗನಿಗೆ ಹೆಣ್ಣು ಹುಡುಕುವಾಗ ತಾವು ಕೇಳಿದ ಮೊದಲ ಮಾತು ಹುಡುಗಿಯ ಬಣ್ಣದ್ದೆಂಬುದು ಅವರಿಗೆ ನೆನಪಾಗಿರುತ್ತದೆ. ಸಾಮಾಯಿಕ ಮುಗಿಸಿ ಎದ್ದು ಅವರು ಹೇಳಬಹುದಾದ ಮಾತು ಇದು: "ನೀನು ನಾಲ್ಕು ತಿಂಗಳ ನಿಯಮ ತೆಗೆದುಕೊ, ಮಗಳೇ. ನಾನೂ ಒಂದು ತೆಗೆದುಕೊಳ್ಳುತ್ತೇನೆ. ಇನ್ನು ಈ ಮನೆಯ ಸಂಬಂಧದ ಮಾತಿನಲ್ಲಿ ರೂಪದ ಪ್ರಸ್ತಾಪ ಮಾಡುವುದಿಲ್ಲ, ಮಾಡುವವರ ಮನೆಗೆ ನಿನ್ನನ್ನು ಕೊಡುವುದೂ ಇಲ್ಲ. ಆಮೇಲೂ ನಿನಗೆ ಬೇಕೆನಿಸಿದರೆ ವೈದ್ಯರಲ್ಲಿಗೆ ಇಬ್ಬರೂ ಕೂಡಿಯೇ ಹೋಗೋಣ." ನಾಲ್ಕು ತಿಂಗಳ ಬಳಿಕ ಮಗಳು ಏನನ್ನು ಆರಿಸುವಳೋ ಅದು ಅವಳದು. ಆದರೆ ಆ ಹೊತ್ತಿಗೆ ಅದು ಪರರ ಕಣ್ಣು ಆಡಿಸಿದ ನಿರ್ಧಾರವಾಗಿರುವುದಿಲ್ಲ; ತಂದೆಯ ವ್ರತವೂ ಮಗಳ ವ್ರತವೂ ಕೂಡಿ ಶೋಧಿಸಿದ ನಿರ್ಧಾರವಾಗಿರುತ್ತದೆ.