ಹೂಳು ಮತ್ತು ಹೆಸರು

ಹಡಗಿನಿಂದಿಳಿದು ಎರಡು ಗಂಟೆಯಾಗಿತ್ತು. ಎರ್ನಾಕುಳಂನ ಒಂದು ಹೋಟೆಲಿನಲ್ಲಿ ಪುಟ್ಟು, ಕಡಲೆ ಕರಿ ಮುಂದಿಟ್ಟುಕೊಂಡು ಕೂತಿದ್ದೆ. ಮೇಜು ಮೆಲ್ಲಗೆ ಎಡಕ್ಕೆ ವಾಲಿತು, ಮತ್ತೆ ಬಲಕ್ಕೆ ಬಂತು. ಲೋಟದಲ್ಲಿದ್ದ ಚಹಾ ಮಾತ್ರ ಅಲುಗಲಿಲ್ಲ.

“ಏನ್ರೀ, ಇನ್ನೂ ತೂಗ್ತಾ ಇದೆಯಾ?” ಎಂದಳು ಹೆಂಡತಿ.

“ಹೂಂ. ನಿನಗೆ?”

“ಕೈ ತೊಳೆಯೋಕೆ ಹೋದಾಗ ಗೋಡೆ ಹಿಡ್ಕೊಂಡೆ.”

ಕವರತ್ತಿ, ಕಲ್ಪೇನಿ, ಮಿನಿಕಾಯ್ ಎಂದು ಲಕ್ಷದ್ವೀಪ ಸುತ್ತಿ ಬಂದಿದ್ದೆವು. ಅಷ್ಟು ದಿನ ಅಲೆಯ ಲಯಕ್ಕೆ ಒಗ್ಗಿಕೊಂಡ ಒಳಗಿವಿಗೆ ನೆಲ ನಿಂತಿದೆ ಎಂದು ನಂಬಲು ಇನ್ನೂ ಸ್ವಲ್ಪ ಹೊತ್ತು ಬೇಕು. ಮುಗಿಯಿತು ಎಂಬ ಸುದ್ದಿ ದೇಹಕ್ಕೆ ತಲುಪುವುದು ಎಲ್ಲರಿಗಿಂತ ಕೊನೆಗೆ. ಹಡಗಿಗೆ ಅಂಥ ತೊಂದರೆ ಇಲ್ಲ. ನಾವು ಮೆಟ್ಟಿಲು ಇಳಿಯುವ ಮೊದಲೇ, ‘ನಮ್ಮ ರೂಮು’ ಎನ್ನುತ್ತಿದ್ದ ಕ್ಯಾಬಿನ್ನಿನ ಹಾಸಿಗೆ ಬಟ್ಟೆ ಹೊರಗೆ ಗಂಟಾಗಿ ಬಿದ್ದಿತ್ತು. ನೆನಪಿಗೆಂದು ಚೀಲದಲ್ಲಿ ಏನೂ ಇರಲಿಲ್ಲ. ದ್ವೀಪದಿಂದ ಹವಳದ ಚೂರನ್ನೂ ತರುವಂತಿಲ್ಲ, ಕಾನೂನು. ತೆಂಗು-ಬೆಲ್ಲದ ಉಂಡೆ ಕೊಂಡಿದ್ದೆವು, ಅದು ಹಡಗಿನಲ್ಲೇ ಖಾಲಿಯಾಗಿತ್ತು.

ಬೆಂಗಳೂರಿನ ರೈಲು ಸಂಜೆಗೆ. ಚೀಲಗಳನ್ನು ಸ್ಟೇಷನ್ನಿನಲ್ಲಿಟ್ಟು ಫೋರ್ಟ್ ಕೊಚ್ಚಿಯ ಬೋಟು ಹತ್ತಿದೆವು.

ದಾರಿಯಲ್ಲಿ ಎದುರಾಗುವ ವಿಲ್ಲಿಂಗ್ಡನ್ ದ್ವೀಪವನ್ನು ನೋಡಿದರೆ ಅದು ಎಂದಿನಿಂದಲೂ ಅಲ್ಲೇ ಇದೆ ಅನಿಸುತ್ತದೆ. ನಿಜಕ್ಕೂ ಅದು ನಮ್ಮ ತಾತನಿಗಿಂತ ಚಿಕ್ಕದು. 1920ರಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರ್ ಇಲ್ಲಿಗೆ ಬಂದಾಗ ಅಳಿವೆಗೆ ಅಡ್ಡವಾಗಿ ಮರಳ ದಿಬ್ಬವಿತ್ತು. ದೊಡ್ಡ ಹಡಗುಗಳು ಹೊರಗಡಲಲ್ಲೇ ನಿಲ್ಲಬೇಕಿತ್ತು. ಆತ ದಿಬ್ಬವನ್ನು ಕಡಿಸಿ ಕಾಲುವೆ ತೋಡಿಸಿದ. 1928ರಲ್ಲಿ ‘ಪದ್ಮಾ’ ಎಂಬ ಹಡಗು ಒಳಬಂದರಿಗೆ ಬಂತು. ತೋಡಿದ ಹೂಳನ್ನು ಹಿನ್ನೀರಿನಲ್ಲಿ ಒಂದೆಡೆ ಸುರಿಯುತ್ತ ಹೋದರು. ಅದೇ ಈ ದ್ವೀಪವಾಯಿತು. ಬೆಳಗ್ಗೆ ನಾವು ಹಡಗಿನಿಂದಿಳಿದು ‘ಅಬ್ಬಾ, ನೆಲ!’ ಎಂದು ಕಾಲಿಟ್ಟದ್ದು ಸಮುದ್ರದ ತಳದ ಮೇಲೆ.

ಹೂಳಿನ ಕತೆ ಅದಕ್ಕಿಂತ ಹಳೆಯದು. 1341ರಲ್ಲಿ ಪೆರಿಯಾರ್ ನದಿಗೆ ಮಹಾಪೂರ ಬಂದು ಕೊಡುಂಗಲ್ಲೂರಿನ ಬಂದರು ಹೂಳಿನಲ್ಲಿ ಮುಚ್ಚಿಹೋಯಿತು, ಅದೇ ಪೂರ ಕೊಚ್ಚಿಯ ಅಳಿವೆಯನ್ನು ತೆರೆಯಿತು ಎನ್ನುತ್ತಾರೆ. ಪ್ರಾಚೀನ ರೋಮ್‌ನ ಹಡಗುಗಳು ಮೆಣಸಿಗಾಗಿ ಬರುತ್ತಿದ್ದ ಮುಜಿರಿಸ್ ಅದೇ ಸೀಮೆಯದು. ಅಲ್ಲಿಯ ವರ್ತಕನಿಗೆ ಪ್ರಳಯವಾದದ್ದು ಇಲ್ಲಿಯ ಬೆಸ್ತನಿಗೆ ಬಾಗಿಲಾಯಿತು. ಅನಿತ್ಯ ಎಂಬ ಮಾತನ್ನು ನಾವು ಯಾವಾಗಲೂ ಕೊಡುಂಗಲ್ಲೂರಿನ ದಡದಲ್ಲಿ ನಿಂತೇ ಆಡುತ್ತೇವೆ. ಕೊಚ್ಚಿಯ ದಡದಿಂದ ಆಡಿದರೆ ಅದರ ದನಿಯೇ ಬೇರೆ. ಹಾಗಂತ, ಗೋದಾಮು ಕಳೆದುಕೊಂಡವನ ಮುಂದೆ ನಿಂತು ‘ಆಚೆ ಒಂದು ಬಂದರು ಹುಟ್ಟಿದೆಯಪ್ಪಾ’ ಎನ್ನಲು ನನಗಂತೂ ಬಾಯಿ ಬಾರದು.

ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಕಂಬಿ ಸುತ್ತಿದ ಒಂದು ಕಲ್ಲಿದೆ. ವಾಸ್ಕೋ ಡ ಗಾಮ 1524ರ ಕ್ರಿಸ್‌ಮಸ್ ಹಿಂದಿನ ದಿನ ಕೊಚ್ಚಿಯಲ್ಲಿ ಸತ್ತ, ಹೂತದ್ದು ಇಲ್ಲಿ. 1539ರಲ್ಲಿ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು. ಕಲ್ಲು ಉಳಿಯಿತು. ಚರ್ಚು ಪೋರ್ಚುಗೀಸರ ಕೈಯಿಂದ ಡಚ್ಚರಿಗೆ, ಡಚ್ಚರಿಂದ ಇಂಗ್ಲಿಷರಿಗೆ ಹೋಯಿತು. ಮಾಡಿನಡಿ ಕೈಯಿಂದ ಎಳೆಯುವ ಪಂಖಾಗಳು ಎಳೆಯುವವರಿಲ್ಲದೆ ತೂಗುಬಿದ್ದಿವೆ. ಜನ ಸಾಲಾಗಿ ಬಂದು ಕಲ್ಲಿನ ಫೋಟೋ ತೆಗೆಯುತ್ತಿದ್ದರು.

“ಒಳಗೆ ಯಾರೂ ಇಲ್ಲವಂತೆ,” ಎಂದೆ.

“ಗೊತ್ತು. ಆದ್ರೂ ಚಪ್ಪಲಿ ಕಾಲು ತಾಗಿಸ್ಬೇಡಿ,” ಎಂದಳು.

ಮಟ್ಟಾಂಚೇರಿಯಲ್ಲೂ ಅದೇ ಕತೆ. ಬೀದಿಯ ಹೆಸರು ಜ್ಯೂ ಟೌನ್. ಅಲ್ಲಿ 1568ರ ಪರದೇಶಿ ಸಿನಗಾಗ್ ಇದೆ. ಕೈಯಿಂದ ನೀಲಿ ಚಿತ್ರ ಬರೆದ ಚೀನಾ ಹಂಚಿನ ನೆಲ, ತಲೆಯ ಮೇಲೆ ಗಾಜಿನ ದೀಪಗೊಂಚಲು. ಸಾಮೂಹಿಕ ಪ್ರಾರ್ಥನೆಗೆ ವಯಸ್ಕ ಗಂಡಸರು 10 ಮಂದಿ ಬೇಕು ಎಂಬುದು ಯಹೂದಿಗಳ ಸಂಪ್ರದಾಯ. ಇಸ್ರೇಲ್ ಹುಟ್ಟಿದ ಮೇಲೆ ಕುಟುಂಬಗಳು ಒಂದೊಂದಾಗಿ ಹೊರಟವು. ಯಾರೂ ಓಡಿಸಲಿಲ್ಲ, ಯಾವ ಪೂರವೂ ಬರಲಿಲ್ಲ. ತಲೆಮಾರುಗಳಿಂದ ಪ್ರಾರ್ಥನೆಯಲ್ಲಿ ನೆನೆದ ಊರಿಗೆ ಹೋದರು. ಬಯಸಿದ್ದು ಕೈಗೂಡಿದಾಗಲೂ ಹಿಂದೆ ಒಂದು ಬೀದಿ ಬರಿದಾಗುತ್ತದೆ. ಬೀದಿಗೆ ಅವರ ಹೆಸರು ಮಾತ್ರ ಇದೆ. ಶುಂಠಿ, ಮೆಣಸಿನ ವಾಸನೆ ಕೆಲವು ಗೋಡೆಗಳಲ್ಲಿ ಇನ್ನೂ ಇದೆ. ಒಳಗೆ ಕಾಫಿ ಮಾರುತ್ತಾರೆ.

ಮತ್ತೆ ಕಡಲ ದಡಕ್ಕೆ ಬಂದಾಗ ಚೀನೀ ಬಲೆಯೊಂದು ನೀರಿಗೆ ಇಳಿಯುತ್ತಿತ್ತು. ನಾಲ್ಕೈದು ಜನ ಹಗ್ಗ ಹಿಡಿದು ಎಳೆದರು. ಹಗ್ಗಕ್ಕೆ ಕಟ್ಟಿದ ಕಲ್ಲುಗಳು ಒಂದೊಂದಾಗಿ ಕೆಳಗಿಳಿದವು, ಅತ್ತ ಬಲೆ ಮೇಲೆದ್ದಿತು. ಹಿಡಿಯಷ್ಟು ಮೀನು. ಇದು ಎಷ್ಟು ಹಳೆಯದು ಎಂದು ಹಗ್ಗ ಬಿಗಿಯುತ್ತಿದ್ದ ಮುದುಕರನ್ನು ಅರೆಬರೆ ಮಲಯಾಳದಲ್ಲಿ ಕೇಳಿದೆ. ಅವರು ಬಲೆ ತೋರಿಸಿ, ಇದು ಈ ವರ್ಷದ್ದು ಎಂದರು. ಮರ ತೋರಿಸಿ, ಇದು ಮಗನ ಕಾಲದ್ದು. ಕಲ್ಲು ತೋರಿಸಿ, ಇದು ಅಪ್ಪನದು. ಅಷ್ಟು ಹೇಳಿ ಮತ್ತೆ ಹಗ್ಗ ಬಿಗಿಯತೊಡಗಿದರು.

ಅವರ ಹಿಂದೆ, ದೂರದಲ್ಲಿ ಬಂದರಿನ ಕಾಲುವೆ. ಬ್ರಿಸ್ಟೋ ತೋಡಿದ್ದು ಒಮ್ಮೆ ತೋಡಿ ಮುಗಿಸುವ ಕೆಲಸವಲ್ಲ. ಮಳೆಗಾಲದ ಹೊಳೆಗಳು ಹೂಳು ತರುತ್ತವೆ. ಅದನ್ನು ಎತ್ತುತ್ತಲೇ ಇರಬೇಕು. ಎತ್ತುವುದನ್ನು ನಿಲ್ಲಿಸಿದರೆ ಕೊಚ್ಚಿಯೂ ಕೊಡುಂಗಲ್ಲೂರಿನ ದಾರಿ ಹಿಡಿಯುತ್ತದೆ. ಇಡೀ ದಿನ ನಾನು ನೋಡಿದ್ದು ಎರಡು ಬಗೆಯ ಉಳಿವು: ಒಂದು ಕಲ್ಲಿನ ಮೇಲೆ, ಬೀದಿಯ ತುದಿಯಲ್ಲಿ ಹೆಸರಾಗಿ ಉಳಿದದ್ದು, ಅದನ್ನು ಯಾರೂ ಮುಟ್ಟಬೇಕಾಗಿಲ್ಲ. ಇನ್ನೊಂದು, ನಿತ್ಯ ಯಾರೋ ಕೈ ಕೆಸರು ಮಾಡಿಕೊಂಡರೆ ಮಾತ್ರ ನಾಳೆಗೆ ಉಳಿಯುವುದು.

ಸಂಜೆ ರೈಲು ಬಂತು. ಕನ್ಯಾಕುಮಾರಿಯಿಂದ ಬೆಂಗಳೂರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್. ಹಿಂದೆ ಅದು ಬೆಂಗಳೂರಿನಿಂದ ಹೊರಟು ವಿಲ್ಲಿಂಗ್ಡನ್ ದ್ವೀಪದ ಹಾರ್ಬರ್ ಟರ್ಮಿನಸ್‌ನಲ್ಲಿ ನಿಲ್ಲುತ್ತಿತ್ತು. ಆ ಹೆಸರು ಅಲ್ಲಿಂದ ಬಂದದ್ದು. ಈಗ ಅದು ದ್ವೀಪದ ಕಡೆ ಹೊರಳುವುದಿಲ್ಲ. ನಮ್ಮ ಊರಿನವರು ಇಂದಿಗೂ ‘ಐಲ್ಯಾಂಡಿಗೆ ಟಿಕೆಟ್ ಆಯ್ತಾ?’ ಎಂದೇ ಕೇಳುತ್ತಾರೆ.

ರಾತ್ರಿ ಹೆಂಡತಿ ಕೆಳಗಿನ ಬರ್ತಿನಲ್ಲಿ ಹೊದಿಕೆ ಕೊಡವಿದಳು. ಯಾರು ಹೊದ್ದದ್ದೋ, ನಾಳೆ ಯಾರಿಗೋ. ಬೋಗಿ ಅತ್ತಿತ್ತ ವಾಲುತ್ತ ಓಡುತ್ತಿತ್ತು.

“ಈಗ ಹೇಗಿದೆ, ತೂಗ್ತಿದೆಯಾ?”

ಕಣ್ಣು ಮುಚ್ಚಿ ನೋಡಿದೆ. ಬೆಳಗಿನಿಂದ ಮೊದಲ ಸಲ ಎಲ್ಲ ಸ್ಥಿರವಾಗಿತ್ತು.

“ಇಲ್ಲ ಕಣೇ,” ಎಂದೆ, “ನಿಂತಿದೆ.”