ಹಗುರಕ್ಕೆ ತೆರುವ ಬೆಲೆ

ಲ್ಯಾಪ್‌ಟಾಪ್ ಎಂಬ ಗಣಕಯಂತ್ರ ಶ್ರಾವಕರ ಮನೆಗಳಲ್ಲಿ ಇಂದು ಅಪರೂಪದ ವಸ್ತುವಾಗಿ ಉಳಿದಿಲ್ಲ. ಮಕ್ಕಳ ವ್ಯಾಸಂಗ, ಅಂಗಡಿಯ ಲೆಕ್ಕಪತ್ರ, ಬಸದಿಯ ಆಡಳಿತ ಎಲ್ಲವೂ ಅದರ ಮೂಲಕ ಸಾಗುತ್ತಿರುವಾಗ, ಅದು ಬೇಕೋ ಬೇಡವೋ ಎಂಬ ಚರ್ಚೆ ಮುಗಿದ ಮಾತು. ಉಳಿದಿರುವ ಪ್ರಶ್ನೆ ಬೇರೆ. ನಲವತ್ತೈದು ಸಾವಿರ ರೂಪಾಯಿಯ, 2 ಕಿಲೋಗೂ ಮಿಕ್ಕಿ ತೂಗುವ ಯಂತ್ರವೊಂದು ಅಗತ್ಯದ ಕೆಲಸವನ್ನೆಲ್ಲ ಮಾಡಿಕೊಡುವಾಗ, 1 ಕಿಲೋ ಚಿಲ್ಲರೆ ತೂಕದ ಯಂತ್ರಕ್ಕೆ ಲಕ್ಷಕ್ಕೂ ಹೆಚ್ಚು ಹಣ ತೆರುವುದು ವಿವೇಕವೇ? ಅಥವಾ ಅದು ಇಚ್ಛಾಪರಿಮಾಣದ ಗಡಿಯನ್ನು ದಾಟಿದ ಮೋಹವೇ?

ಹಗುರತೆಯನ್ನು ಬಯಸುವುದೇ ವಿಲಾಸವೆಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ ಅದು ಸರಿಯಲ್ಲ. ದಿಗಂಬರ ಮುನಿಗಳ ಕೈಯಲ್ಲಿರುವ ನವಿಲುಗರಿಯ ಪಿಂಛಿಗೆ ಶಾಸ್ತ್ರಕಾರರು ಐದು ಗುಣಗಳನ್ನು ಹೇಳಿದ್ದಾರೆ. ಅದು ಧೂಳನ್ನು ಹಿಡಿಯದು, ಬೆವರನ್ನು ಹೀರದು, ಮೃದುವಾದುದು, ಸುಕುಮಾರವಾದುದು. ಐದನೆಯದು ಲಘುತ್ವ, ಅಂದರೆ ಹಗುರತೆ. ಸರ್ವಸಂಗ ಪರಿತ್ಯಾಗಿಗಳಾದವರೂ ಒಂದು ಉಪಕರಣದ ತೂಕವನ್ನು ವಿಚಾರಿಸಿದ್ದಾರೆಂದ ಮೇಲೆ, ಹೆಗಲ ಚೀಲದ ತೂಕವನ್ನು ಗೃಹಸ್ಥನು ವಿಚಾರಿಸುವುದರಲ್ಲಿ ದೋಷವೇನೂ ಇಲ್ಲ. ನೋಡಬೇಕಾದುದು ಆ ಹಗುರತೆ ಯಾವ ಕೆಲಸಕ್ಕೆ, ಯಾವ ಮಾರ್ಗದಿಂದ ಬಂದಿತು ಎಂಬುದನ್ನು.

ಈ ಮಾರ್ಗದ ವಿಚಾರದಲ್ಲಿ ಯಂತ್ರಗಳ ಇತಿಹಾಸವೇ ಒಂದು ಪಾಠವನ್ನು ಹೇಳುತ್ತದೆ. 2007ರಲ್ಲಿ ತೈವಾನಿನ ಆಸುಸ್ ಕಂಪನಿ ‘ಈ ಪಿಸಿ’ ಎಂಬ ಪುಟ್ಟ ಯಂತ್ರವನ್ನು ಹೊರತಂದಿತು. 7 ಅಂಗುಲದ ಪರದೆ, 1 ಕಿಲೋಗೂ ಕಡಿಮೆ ತೂಕ, ಬೆಲೆ ಸುಮಾರು 400 ಡಾಲರ್. ಮರುವರ್ಷ, 2008ರ ಜನವರಿಯಲ್ಲಿ, ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯ ಮೇಲೆ ಕಾಗದದ ಲಕೋಟೆಯೊಳಗಿನಿಂದ ‘ಮ್ಯಾಕ್‌ಬುಕ್ ಏರ್’ ಅನ್ನು ಹೊರತೆಗೆದು ಜಗತ್ತನ್ನು ಬೆರಗುಗೊಳಿಸಿದರು. ಅದು 13 ಅಂಗುಲದ ಪರದೆಯುಳ್ಳದ್ದು, ತೂಕ 1.36 ಕಿಲೋ, ಆರಂಭದ ಬೆಲೆ 1,799 ಡಾಲರ್. ಎರಡರಲ್ಲಿ ಹೆಚ್ಚು ಹಗುರವಾದುದೇ ಅಗ್ಗವಾದುದು! ಪರದೆ, ಕೀಲಿಮಣೆ, ವೇಗ ಇವುಗಳಲ್ಲಿ ಬಹಳಷ್ಟನ್ನು ಬಿಟ್ಟುಕೊಟ್ಟು ‘ಈ ಪಿಸಿ’ ಹಗುರವಾಯಿತು. ದೊಡ್ಡ ಪರದೆಯನ್ನೂ ಪೂರ್ಣ ಕೀಲಿಮಣೆಯನ್ನೂ ಉಳಿಸಿಕೊಂಡೇ ಹಗುರವಾಗಬೇಕೆಂಬ ಬಯಕೆಗೆ ಮಿಕ್ಕ 1,400 ಡಾಲರ್ ತೆರಬೇಕಾಯಿತು. ಇಂದಿಗೂ ಅಂಗಡಿಯಲ್ಲಿ ಹೆಚ್ಚಿನ ಬೆಲೆ ಇರುವುದು ಬರಿಯ ಹಗುರತೆಗಲ್ಲ, ಬಿಡದೆ ಪಡೆಯುವ ಹಗುರತೆಗೆ. ಮುನಿಗಳ ಲಘುತ್ವಕ್ಕೂ ಮಾರುಕಟ್ಟೆಯ ಲಘುತ್ವಕ್ಕೂ ಇರುವ ಅಂತರ ಇದೇ ಆಗಿದೆ.

ಹಾಗಾದರೆ ಗೃಹಸ್ಥನು ಏನು ಮಾಡಬೇಕು? ಉದಾಹರಣೆಗೆ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಮಗಳು ಲೆಕ್ಕಪರಿಶೋಧಕರ ಕಚೇರಿಯ ಉದ್ಯೋಗಿ. ದಿನವೂ ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಅಂಗಡಿ ಅಂಗಡಿ ತಿರುಗುವವಳು. ಮಗ ಕಾಲೇಜು ವಿದ್ಯಾರ್ಥಿ; ಅವನ ಯಂತ್ರ ಮೇಜು ಬಿಟ್ಟು ಕದಲುವುದೇ ಇಲ್ಲ. ಅಕ್ಕನಿಗೆ ಹಗುರವಾದುದನ್ನು ಕೊಡಿಸುವ ಮಾತು ಬಂದ ಕೂಡಲೆ, ತನಗೂ ಅದೇ ಬೇಕೆಂದು ತಮ್ಮ ಹಟ ಹಿಡಿಯುತ್ತಾನೆ. ಮಕ್ಕಳಲ್ಲಿ ಭೇದ ಮಾಡಬಾರದೆಂದು ತಂದೆ ಕಳವಳಪಡುತ್ತಾರೆ.

ಇಲ್ಲಿ ಸಮಾನತೆಯನ್ನು ವಸ್ತುವಿನಿಂದ ಅಳೆಯುವುದಕ್ಕಿಂತ ಅವಶ್ಯಕತೆಯಿಂದ ಅಳೆಯುವುದೇ ನ್ಯಾಯ. ಮಗಳ ಚೀಲವನ್ನು ತಂದೆ ತಮ್ಮ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಲಿ. ಕಡತಗಳು, ಬುತ್ತಿ, ಒಂದು ಲೀಟರ್ ನೀರು, ಯಂತ್ರ, ಮತ್ತು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಚಾರ್ಜರ್. ಅದರಲ್ಲಿ ಒಂದು ಕಿಲೋ ಇಳಿದರೆ ಬೆನ್ನಿಗೆ ಆಗುವ ಉಪಕಾರ ನಿಜವಾದುದು. ದೇಹದ ನೋವನ್ನು ಕಡೆಗಣಿಸುವುದನ್ನು ತಪಸ್ಸೆಂದು ಕರೆಯಲಾಗದು. ಮೇಜಿನ ಮೇಲಿನ ಯಂತ್ರದಲ್ಲಿ ಅದೇ ಒಂದು ಕಿಲೋ ಕಡಿಮೆಯಾದರೆ ಉಪಕಾರವಾಗುವುದು ಮೇಜಿಗೆ ಮಾತ್ರ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ ಕಂಡರು. ಆದ್ದರಿಂದ ಒಂದೇ ವಸ್ತು ಅಕ್ಕನ ಪಾಲಿಗೆ ಉಪಕರಣವಾಗಿ, ತಮ್ಮನ ಪಾಲಿಗೆ ಪರಿಗ್ರಹವಾಗಬಲ್ಲದು.

ಬೆಲೆಯ ಲೆಕ್ಕವೂ ಅಂಗಡಿಯಲ್ಲಿ ಮುಗಿಯುವುದಿಲ್ಲ. 1,20,000 ರೂಪಾಯಿಯ ಯಂತ್ರವನ್ನು ಎಂಟು ವರ್ಷ ಬಳಸಿದರೆ ವರ್ಷಕ್ಕೆ 15,000. 45,000ದ್ದನ್ನು ಮೂರೇ ವರ್ಷಕ್ಕೆ ಎಸೆದರೂ ವರ್ಷಕ್ಕೆ 15,000. ಆದರೆ ಎಂಟು ವರ್ಷ ಬಳಸುವೆನೆಂಬ ನಿಯಮ ಕೊಳ್ಳುವವನಲ್ಲಿರಬೇಕು, ಯಂತ್ರದಲ್ಲಿಯೂ ಆ ಯೋಗ್ಯತೆ ಇರಬೇಕು. ತೆಳುವಾದ ಯಂತ್ರಗಳಲ್ಲಿ ‘ರ‍್ಯಾಮ್’ ಎಂಬ ಸ್ಮರಣಕೋಶವನ್ನು ಬಹುಮಟ್ಟಿಗೆ ಒಳಫಲಕಕ್ಕೆ ಬೆಸೆದೇ ಬಿಟ್ಟಿರುತ್ತಾರೆ, ಮುಂದೆ ಹೆಚ್ಚಿಸಲಾಗದು. ಎಷ್ಟು ಬೇಕೆಂಬ ಪರಿಮಾಣವನ್ನು ಕೊಳ್ಳುವ ದಿನವೇ ನಿಶ್ಚಯಿಸಬೇಕು. ವ್ಯಾಪಾರಿಗಳು ಬಲ್ಲ ಗುಟ್ಟೂ ಇದೇ: ‘ಮುಂದೆ ಬೇಕಾದೀತು’ ಎಂಬ ಭಯವನ್ನು ತೋರಿಸಿ ಹೆಚ್ಚುವರಿ ಸ್ಮರಣಕೋಶಕ್ಕೆ ಮಿತಿಮೀರಿದ ಬೆಲೆಯನ್ನು ಪಡೆಯುತ್ತಾರೆ. ಎಂದೂ ಬಾರದ ಕೆಲಸಕ್ಕಾಗಿ ಹಣ ತೆತ್ತವರೇ ಬಹಳ.

ಇನ್ನು ಅಹಿಂಸೆಯ ದೃಷ್ಟಿ. ಇಂತಹ ಯಂತ್ರಗಳ ಬ್ಯಾಟರಿಗೆ ಬಳಸುತ್ತ ಬಂದಿರುವ ಕೋಬಾಲ್ಟ್ ಲೋಹದ ಅರ್ಧಕ್ಕೂ ಹೆಚ್ಚು ಭಾಗ ಆಫ್ರಿಕಾದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿ ಎಳೆಯ ಮಕ್ಕಳು ಅದಿರು ಹೊರುವ, ತೊಳೆಯುವ ಕೆಲಸದಲ್ಲಿದ್ದುದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ 2016ರಲ್ಲಿ ವರದಿ ಮಾಡಿತು. ಒಬ್ಬರ ಹೆಗಲ ಭಾರ ಇನ್ನೊಂದು ಮಗುವಿನ ಬೆನ್ನಿಗೆ ವರ್ಗವಾಗುವ ಸಂಭವವುಳ್ಳ ವಸ್ತುವಿದು. ಈ ದೋಷ ದುಬಾರಿಯದಕ್ಕೆ ಮಾತ್ರ ಸೇರಿದ್ದಲ್ಲ, ಅಗ್ಗದ್ದಕ್ಕೂ ಉಂಟು. ಆದುದರಿಂದ ದುಬಾರಿಯೋ ಅಗ್ಗವೋ ಎಂಬುದಕ್ಕೆ ಮುಂಚೆ, ಹೊಸದೇ ಬೇಕೋ ಎಂದು ಕೇಳಿಕೊಳ್ಳಬೇಕಾಗುತ್ತದೆ. ಕಚೇರಿಗಳು ಎರಡು ಮೂರು ವರ್ಷ ಬಳಸಿ ಮಾರಿದ ಹಗುರವಾದ ಯಂತ್ರಗಳು ಅರ್ಧಕ್ಕೂ ಕಡಿಮೆ ಬೆಲೆಗೆ ದೊರೆಯುವುದುಂಟು. ಹೊಸ ಬ್ಯಾಟರಿ ಹಾಕಿಸಿದರೆ ಮಗಳ ಕೆಲಸಕ್ಕೆ ಅದು ಧಾರಾಳವಾಗಿ ಸಾಕು.

ಅವಳು ಕೆಳಗಿಳಿಸುವ ಭಾರವಾದ ಯಂತ್ರವಾದರೋ ಹಳೆಯ ಮಾದರಿಯದು. ತಳದ ಮುಚ್ಚಳ ಬಿಚ್ಚಿ ಸ್ಮರಣಕೋಶವನ್ನು ಹೆಚ್ಚಿಸಬಹುದಾದುದು. ತಮ್ಮನ ಯಂತ್ರ ಕೆಟ್ಟ ದಿನ ಅದು ಅವನ ಮೇಜಿನ ಮೇಲೆ ಇನ್ನೂ ನಾಲ್ಕು ವರ್ಷ ಕೆಲಸ ಮಾಡೀತು. ಅವನು ಅದನ್ನು ಸಂತೋಷದಿಂದ ಒಪ್ಪುವನೇ ಎಂಬುದು ಬೇರೆಯ ಮಾತು. ತಂದೆ ತಮ್ಮ ಹಳೆಯ ಫೋನನ್ನು ಇನ್ನೂ ಎಷ್ಟು ದಿನ ಇಟ್ಟುಕೊಳ್ಳುತ್ತಾರೆಂಬುದನ್ನು ಅವನು ನೋಡುತ್ತಲೇ ಇರುತ್ತಾನೆ.