ಕಲ್ಲಿಗೆ ಅಂಟಿಸಿದ ಹೆಸರು

ಒಂದು ವಸ್ತುವಿಗೆ ಜನರು ಕೊಟ್ಟ ಹೆಸರು ಒಂದು, ಅದರೊಳಗಿನ ಸತ್ವ ಇನ್ನೊಂದು ಆಗಿದ್ದರೆ ನೀವು ಯಾವುದನ್ನು ನಂಬುವಿರಿ? ಎರಡು ಕಲ್ಲುಗಳ ವೃತ್ತಾಂತವನ್ನು ಕೇಳಿ ಉತ್ತರಿಸಿರಿ.

ಹಾಲೆಂಡಿನ ರೈಕ್ಸ್ ಮ್ಯೂಸಿಯಮ್‌ನಲ್ಲಿ ಚಂದ್ರಶಿಲೆಯೆಂದು ಜೋಪಾನವಾಗಿಟ್ಟ ಕಲ್ಲೊಂದಿತ್ತು. ಅದು ಮಾಜಿ ಪ್ರಧಾನಿ ವಿಲೆಮ್ ಡ್ರೀಸ್‌ರ ಬಳಿ ಇದ್ದದ್ದು. 1969ರಲ್ಲಿ ಅಪೋಲೊ 11ರ ಗಗನಯಾತ್ರಿಗಳು ಅಲ್ಲಿಗೆ ಭೇಟಿಯಿತ್ತಾಗ ಅಮೆರಿಕದ ರಾಯಭಾರಿಯಿಂದ ದೊರೆತದ್ದೆಂಬ ಮಾತಿತ್ತು. ಇಷ್ಟು ಗಣ್ಯರ ಹೆಸರಿರುವಾಗ ಸಂಶಯಕ್ಕೆ ಎಡೆಯೆಲ್ಲಿ? ಆದರೆ 2009ರಲ್ಲಿ ತಜ್ಞರು ಪರೀಕ್ಷಿಸಿದಾಗ ಅದು ಕಲ್ಲಾಗಿ ಮಾರ್ಪಟ್ಟ ಮರದ ತುಂಡೆಂದು ತಿಳಿಯಿತು. ಚಂದ್ರನಲ್ಲಿ ಮರವೆಲ್ಲಿಯದು!

ಇನ್ನೊಂದು ಕಲ್ಲು 1982ರ ಜನವರಿಯಲ್ಲಿ ಅಂಟಾರ್ಕ್ಟಿಕದ ಅಲನ್ ಹಿಲ್ಸ್‌ನಲ್ಲಿ ಹಿಮದ ಮೇಲೆ ಸಿಕ್ಕಿತು. ತೂಕ ಕೇವಲ 31 ಗ್ರಾಂ. ಅದರ ಪರವಾಗಿ ಮಾತನಾಡಲು ಯಾರೂ ಇರಲಿಲ್ಲ. 1969ರಿಂದ 1972ರವರೆಗೆ ಅಪೋಲೊ ಯಾತ್ರಿಗಳು ತಂದ 382 ಕಿಲೋ ಕಲ್ಲುಮಣ್ಣುಗಳ ಗುಣಲಕ್ಷಣ ವಿಜ್ಞಾನಿಗಳಿಗೆ ಗೊತ್ತಿತ್ತು. ಅದರೊಂದಿಗೆ ಹೋಲಿಸಿದರು. ಖನಿಜಗಳ ಬಗೆ, ಕಬ್ಬಿಣಕ್ಕೂ ಮ್ಯಾಂಗನೀಸಿಗೂ ಇರುವ ಅನುಪಾತ, ಆಮ್ಲಜನಕದ ಐಸೋಟೋಪುಗಳು ಎಲ್ಲವೂ ಚಂದ್ರನನ್ನೇ ತೋರಿಸಿದವು. ಚಂದ್ರನಿಂದ ಸಿಡಿದು ಭೂಮಿಗೆ ಬಿದ್ದ ಉಲ್ಕಾಶಿಲೆಗಳಲ್ಲಿ ಮೊದಲು ಗುರುತಿಸಲ್ಪಟ್ಟದ್ದು ಅದೇ.

ಕೇಳಿದ ಸುದ್ದಿಯನ್ನು ವಿಚಾರಿಸದೆ ನಂಬಬಾರದೆಂದು ಕುರ್‌ಆನ್ ಆಜ್ಞಾಪಿಸುತ್ತದೆ. ಹದೀಸ್ ವಿದ್ವಾಂಸರು ಹೇಳಿದವನ ಅಂತಸ್ತನ್ನು ನೋಡಿ ತೃಪ್ತರಾಗಲಿಲ್ಲ. ಪ್ರತಿಯೊಬ್ಬ ವರದಿಗಾರನ ಪ್ರಾಮಾಣಿಕತೆಯನ್ನೂ ನೆನಪಿನ ಶಕ್ತಿಯನ್ನೂ ಶೋಧಿಸಿದರು. ನಾವಾದರೋ 'ದೊಡ್ಡವರು ಹೇಳಿದ್ದಾರೆ' ಎಂಬ ಒಂದೇ ಆಧಾರದಲ್ಲಿ ಇನ್ನೊಬ್ಬರ ಮಾನವನ್ನು ಹರಾಜಿಗಿಡುತ್ತೇವೆ.

ಹಾಗಾದರೆ ಮನುಷ್ಯರ ಅಂತರಂಗವನ್ನೂ ಹೀಗೆಯೇ ಒರೆಗೆ ಹಚ್ಚಬಹುದೇ? ಇಲ್ಲ. ಕಲ್ಲನ್ನು ಅಳೆಯಲು ಉಪಕರಣವಿದೆ, ಹೃದಯವನ್ನು ಅಳೆಯಲು ಇಲ್ಲ. ಯುದ್ಧರಂಗದಲ್ಲಿ ಒಬ್ಬನು ಕಲಿಮ ಉಚ್ಚರಿಸಿದ ಬಳಿಕವೂ, ಪ್ರಾಣಭಯದಿಂದ ಹೇಳಿದನೆಂದು ಭಾವಿಸಿ ಉಸಾಮ(ರ) ಅವನನ್ನು ಕೊಂದರು. ಪ್ರವಾದಿಯವರು(ಸ) ಅದನ್ನು ಎಷ್ಟು ಕಠಿಣವಾಗಿ ಖಂಡಿಸಿದರೆಂದು ನಿಮಗೆ ತಿಳಿದಿದೆ. ಸುದ್ದಿಯನ್ನು ಪರೀಕ್ಷಿಸುವುದು ನಮ್ಮ ಹೊಣೆ. ಅನ್ಯರ ಹೃದಯವನ್ನು ಬಲ್ಲವನು ಅಲ್ಲಾಹನು ಮಾತ್ರ.

ಆದರೆ ಒಂದು ಹೃದಯವನ್ನು ಪರಿಶೀಲಿಸುವ ಹೊಣೆಯಿಂದ ನಿಮಗೆ ಬಿಡುಗಡೆಯಿಲ್ಲ. ಅದು ನಿಮ್ಮದೇ ಹೃದಯ. ಹಾಜಿ, ದಾನಿ, ಧರ್ಮಿಷ್ಠ ಎಂಬ ಹೆಸರುಗಳನ್ನು ಜನರು ಅಂಟಿಸಿರಬಹುದು. ಒಳಗಿರುವುದು ಅಲ್ಲಾಹನ ಸಂಪ್ರೀತಿಯ ಬಯಕೆಯೋ, ಜನರ ಹೊಗಳಿಕೆಯ ಹಸಿವೋ? ರಹಸ್ಯಗಳೆಲ್ಲ ಬಯಲಾಗುವ ಆ ದಿನ ಹೆಸರುಗಳು ಉದುರಿ ಹೋಗಲಿವೆ, ಸತ್ವ ಮಾತ್ರ ಉಳಿಯಲಿದೆ. ಕಲ್ಲು ತನ್ನ ಸತ್ವವನ್ನು ಬದಲಿಸಿಕೊಳ್ಳಲಾರದು. ನಿಮಗೆ ಇಂದು ಆ ಅವಕಾಶವಿದೆ.